ಜಾಸ್ತಿ ಹಚ್ಕೋಬೇಡಿ

ಪ್ರೀತಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇದು ಹೊಟ್ಟೆಕಿಚ್ಚಲ್ಲ, ಅನುಭವ. ನಾನು ಹಚ್ಚೆ ಹಾಕುವವಳು. ನನ್ನ ಕೆಲಸದಲ್ಲಿ ಅರ್ಧ ಪಾಲು ಪ್ರೇಮಿಗಳ ಹೆಸರು ಬರೆಯುವುದು, ಇನ್ನರ್ಧ ಅದೇ ಹೆಸರಿನ ಮೇಲೆ ಗುಲಾಬಿಯನ್ನೋ ಹದ್ದನ್ನೋ ಬರೆದು ಮುಚ್ಚುವುದು. ಯಾರಾದರೂ ತೋಳಿನ ಮೇಲೆ ದೊಡ್ಡ ಹದ್ದು ಹೊತ್ತುಕೊಂಡು ಎದೆಯುಬ್ಬಿಸಿ ನಡೆಯುತ್ತಿದ್ದರೆ, ಅದರ ರೆಕ್ಕೆಯ ಕೆಳಗೆ ಯಾವಳೋ ಒಬ್ಬಳು ಉಸಿರು ಬಿಗಿಹಿಡಿದು ಕೂತಿದ್ದಾಳೆ ಎಂದು ತಿಳಿಯಿರಿ.

ಬರೆಸಿಕೊಳ್ಳುವಾಗ ಅವರ ಮುಖ ನೋಡಬೇಕು. ಪ್ರೀತಿಯನ್ನು ಮೊದಲು ಕಂಡುಹಿಡಿದವರು ತಾವೇ ಎಂಬ ಗತ್ತು. ಸೂಜಿ ತಾಗಿದ ಕೂಡಲೇ ಆ ಗತ್ತೆಲ್ಲ ಇಳಿದು "ಅಯ್ಯಮ್ಮಾ" ಶುರು. ಜಿಮ್ಮಿನಲ್ಲಿ ಬೆಳೆಸಿದ ತೋಳಿನವರಂತೂ ಮೂರ್ಛೆ ಹೋಗುವುದರಲ್ಲಿ ನಿಸ್ಸೀಮರು.

ಕೆಲಸ ಮುಗಿದ ಮೇಲೆ ನಾನು ಹೇಳುವ ಮಾತನ್ನು ಒಬ್ಬರಾದರೂ ಕಿವಿಗೆ ಹಾಕಿಕೊಂಡದ್ದಿಲ್ಲ. ತೊಳೆಯಿರಿ, ಉಜ್ಜಬೇಡಿ. ಮುಲಾಮು ತೆಳ್ಳಗೆ ಸವರಿ. ಬಿಸಿಲಿಗೆ ಒಡ್ಡಬೇಡಿ. ಕೆರೆಯಬೇಡಿ. ಸಿಪ್ಪೆ ಎದ್ದರೆ ಕೀಳಬೇಡಿ. ಹೂಂ ಹೂಂ ಎಂದು ತಲೆಯಾಡಿಸುತ್ತಾರೆ, ಕಣ್ಣು ಮಾತ್ರ ಕನ್ನಡಿಯ ಮೇಲೆ. ಜೀವನಪೂರ್ತಿ ಒಬ್ಬರನ್ನು ನೋಡಿಕೊಳ್ಳುತ್ತೇನೆಂದು ತೋಳಿನ ಮೇಲೆ ಬರೆಸಿಕೊಂಡವರಿಗೆ ಆ ತೋಳನ್ನು ಒಂದು ವಾರ ನೋಡಿಕೊಳ್ಳುವ ಯೋಗ್ಯತೆ ಇರುವುದಿಲ್ಲ.

ಇಂಥ ನನ್ನ ಅಂಗಡಿಗೆ ಒಂದು ಮಧ್ಯಾಹ್ನ ಅವನು ಬಂದ. ಕೈಯಲ್ಲಿ ರಟ್ಟಿನ ಸಣ್ಣ ಡಬ್ಬಿ. ಇಸ್ತ್ರಿ ಮಾಡಿದ ಶರ್ಟು, ಒರೆಸಿದ ಬೂಟು. ಏನೋ ಮಾರಲು ಬಂದವನೆಂದುಕೊಂಡು ತಲೆ ಎತ್ತದೆ "ನಮಗೇನೂ ಬೇಡ" ಎಂದೆ.

"ನನಗೆ ಬೇಕಿತ್ತು," ಎಂದ.

ಡಬ್ಬಿ ತೆರೆದು ಮೇಜಿನ ಮೇಲಿಟ್ಟ. ಒಳಗೆ ಹತ್ತಿಯ ಮೇಲೆ ಒಂದು ದವಡೆ ಹಲ್ಲು. ಮುಂದಿನ ಕೋಣೆಯ ಕೌಂಟರಿನಲ್ಲಿ ಕೂತಿದ್ದ ಚಿಕ್ಕಮ್ಮ ಕುರ್ಚಿಯಿಂದಲೇ ಕತ್ತು ಚಾಚಿ ನೋಡಿದಳು. ಚಿಕ್ಕಮ್ಮ ನನ್ನ ಅಮ್ಮನ ತಂಗಿ, ನನ್ನನ್ನು ಸಾಕಿದವಳು. ಈಗ ಅಂಗಡಿಗೆ ಬಂದವರ ಹೆಸರು, ಊರು, ಕುಲಗೋತ್ರ ಎಲ್ಲವನ್ನೂ ಬಿಡಿಸಿಕೊಂಡ ಮೇಲೇ ಒಳಗೆ ಬಿಡುವವಳು.

"ಅಯ್ಯೋ, ಯಾರದಪ್ಪಾ ಇದು? ಬಿದ್ದಿತ್ತಾ, ಕಿತ್ತಿದ್ದಾ?"

"ಯಾರದೂ ಅಲ್ಲಮ್ಮ. ನಾನೇ ಮಾಡಿದ್ದು. ಹಲ್ಲುಸೆಟ್ ಕಟ್ಟೋ ಲ್ಯಾಬಲ್ಲಿ ಕೆಲಸ. ಇದೇ ಚಿತ್ರ ಕೈಮೇಲೆ ಬೇಕು."

ಸಿಂಹ ಬರೆಸಿಕೊಂಡ ಇಲಿಗಳನ್ನು ನೋಡಿದ್ದೇನೆ. ಓದಲು ಬಾರದ ಭಾಷೆಯಲ್ಲಿ ಘೋಷಣೆ ಬರೆಸಿಕೊಂಡವರನ್ನೂ ನೋಡಿದ್ದೇನೆ. ಹಲ್ಲು ಕೇಳಿದವನು ಇವನೊಬ್ಬನೇ.

"ಯಾಕೆ?" ಎಂದೆ. ಸಾಮಾನ್ಯವಾಗಿ ನಾನು ಕೇಳುವುದಿಲ್ಲ. ಕೇಳಿದರೆ ಕಥೆ ಹೇಳುತ್ತಾರೆ.

"ಎಷ್ಟೋ ಹಲ್ಲು ಮಾಡಿದೀನಿ. ಒಂದೂ ನನ್ನ ಹತ್ತಿರ ಉಳಿದಿಲ್ಲ. ಎಲ್ಲಾ ಯಾರ್ಯಾರದೋ ಬಾಯಲ್ಲಿ ನಗ್ತಾ ಇರುತ್ತೆ. ಎದುರಿಗೆ ಬಂದ್ರೂ, ಇದು ನನ್ನ ಕೈಕೆಲಸ ಅಂತ ಬಾಯಿ ತೆಗೆಸಿ ನೋಡೋಕಾಗುತ್ತಾ? ಒಂದಾದ್ರೂ ನನ್ನ ಜೊತೆ ಇರಲಿ ಅಂತ."

"ಅಷ್ಟೇನಾ?"

"ಅಷ್ಟೇ."

ನನ್ನ ಕೆಲಸವೂ ಊರವರ ಮೈಮೇಲೆಯೇ ಓಡಾಡಿಕೊಂಡಿರುತ್ತದೆ ಎಂಬುದು ಆ ಕ್ಷಣಕ್ಕೆ ತಲೆಗೆ ಬಂತು. ಬಂದದ್ದಕ್ಕೆ ಸಿಟ್ಟೂ ಬಂತು. "ಕೂತ್ಕೊಳ್ಳಿ" ಎಂದೆ.

*

ದೀಪ ತಗ್ಗಿಸಿ, ಮಾಸ್ಕ್ ಏರಿಸಿ, ಅವನ ಮುಂಗೈಯ ಒಳಭಾಗ ಒರೆಸಿದೆ. ಬಿಸಿಲು ಕಾಣದ ನುಣುಪು ಚರ್ಮ. ಇಂಥ ಚರ್ಮ ಸಿಕ್ಕರೆ ನನ್ನ ವೃತ್ತಿಯವರು ಖುಷಿಪಡಬೇಕು. ನಾನೂ ಸ್ವಲ್ಪ ಪಟ್ಟೆ.

ನೋವಾಗುತ್ತಾ ಎಂದು ಅವನು ಕೇಳಲಿಲ್ಲ. "ಮಾತಾಡಬಹುದಾ?" ಎಂದು ಕೇಳಿದ.

"ಬೇಡ" ಎಂದೆ. ಅವನು ಮಾತಾಡಿದ.

"ನಿಮ್ಮ ಚಿಕ್ಕಮ್ಮಂಗೆ ಕೆಳಗಿನ ಸೆಟ್ ಸಡಿಲ ಆಗಿದೆ."

"ಕೈ ಅಲ್ಲಾಡಿಸಬೇಡಿ."

"ಮಾತು ಮುಗಿಸಿದ ಮೇಲೆ ಟಕ್ ಅಂತ ಶಬ್ದ ಬರುತ್ತೆ, ಗಮನಿಸಿಲ್ವಾ?"

ಹೊರಗಿನಿಂದ ಚಿಕ್ಕಮ್ಮ, "ಯಾರಿಗೋ ಸಡಿಲ? ನಾಲಿಗೆ ಸಡಿಲ ಇರೋದು ನಿನಗೆ!" ಎಂದಳು. ಆಮೇಲೆ ಟಕ್ ಎಂದಿತು. ಅವನು ನಗಲಿಲ್ಲ, ನನ್ನ ಮುಖ ನೋಡಿದ. ಮಾಸ್ಕಿನೊಳಗೆ ನಾನು ನಗುತ್ತಿದ್ದೇನೆಂದು ಕಣ್ಣಿನ ಮೂಲೆ ನೋಡಿಯೇ ಕಂಡುಹಿಡಿದನೋ ಏನೋ, ತೃಪ್ತಿಯಿಂದ ಛಾವಣಿ ನೋಡತೊಡಗಿದ.

ನೀರು ಕುಡಿಯಲು ಮಾಸ್ಕ್ ಇಳಿಸಿದಾಗ ಅವನ ಕಣ್ಣು ಅಲ್ಲೇ ನಿಂತಿತು.

"ಏನು ನೋಡ್ತಿದೀರಾ?"

"ನಿಮ್ಮ ಕೋರೆಹಲ್ಲು ಒಂದು ಚೂರು ಮುಂದಿದೆ. ತುಂಬಾ ಚೆನ್ನಾಗಿದೆ."

ಹೆಣ್ಣಿನ ಮುಖದ ಮೇಲೆ ಕಣ್ಣಿದೆ, ಮೂಗಿದೆ, ಬೇಕಾದಷ್ಟು ಇದೆ. ಇವನಿಗೆ ಕಂಡದ್ದು ಸೊಟ್ಟ ಹಲ್ಲು. ಮಾಸ್ಕ್ ಏರಿಸಿಕೊಂಡು, ಆಮೇಲಿನ ಗೆರೆಯನ್ನು ಅಗತ್ಯಕ್ಕಿಂತ ನಿಧಾನವಾಗಿ ಎಳೆದೆ. ನೋವಾಗಲಿ ಎಂದು. ಕೆಲಸ ಬೇಗ ಮುಗಿಯದಿರಲಿ ಎಂದೂ ಇರಬಹುದು, ಅದನ್ನು ನಾನು ಒಪ್ಪುವುದಿಲ್ಲ.

ಮುಗಿದ ಮೇಲೆ ನನ್ನ ಬಾಯಿಪಾಠ ಒಪ್ಪಿಸಿದೆ. ತೊಳೆಯಿರಿ, ಉಜ್ಜಬೇಡಿ, ಕೆರೆಯಬೇಡಿ. "ಮುಲಾಮು ಜಾಸ್ತಿ ಹಚ್ಕೋಬೇಡಿ" ಎಂದು ಎರಡು ಸಲ ಹೇಳಿದೆ.

"ಏನಾದ್ರೂ ಅನುಮಾನ ಬಂದ್ರೆ ಬಂದು ತೋರಿಸಬಹುದಾ, ಸೂಜಿ ಮೇಡಂ?"

ಸೂಜಿ ಮೇಡಂ! ನನ್ನ ಅಂಗಡಿಯಲ್ಲಿ ನನಗೇ ಅಡ್ಡಹೆಸರು ಇಟ್ಟು ಹೋದ. ಅವನು ಹೋದ ಮೇಲೆ ಚಿಕ್ಕಮ್ಮ ಅವನಿಗೂ ಒಂದು ಇಟ್ಟಳು, ಹಲ್ಲಪ್ಪ ಎಂದು.

*

ಅನುಮಾನಗಳು ಮಾರನೆಯ ದಿನವೇ ಶುರುವಾದವು.

"ನೀರು ಬರ್ತಿದೆ. ಬಣ್ಣ ಎಲ್ಲಾ ಹೊರಟುಹೋಗ್ತಿದೆ ಅನ್ಸುತ್ತೆ."

"ಅದು ಹಾಗೇ ಬರುತ್ತೆ. ಹೆಚ್ಚಾಗಿದ್ದ ಮಸಿ ಹೊರಗೆ ಬರೋದು. ನಿಮ್ಮ ಹಲ್ಲು ಎಲ್ಲೂ ಹೋಗಲ್ಲ."

ಇನ್ನೊಂದು ಸಂಜೆ, "ಸುತ್ತ ಕೆಂಪಗಿದೆ. ಮುಟ್ಟಿದ್ರೆ ಬಿಸಿ."

"ಯಾಕೆ ಮುಟ್ಟಿದ್ರಿ?"

"ಬಿಸಿ ಇದೆಯಾ ಅಂತ ನೋಡೋಕೆ."

ಇಷ್ಟು ದೊಡ್ಡ ಗಂಡಸು. ಕೈ ಮುಂದೆ ಚಾಚಿ, ಬಿದ್ದು ಮೊಣಕಾಲು ತರಚಿಕೊಂಡ ಮಗುವಿನ ಹಾಗೆ ನಿಲ್ಲುತ್ತಿದ್ದ. ಮುಲಾಮನ್ನಂತೂ ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದುಕೊಂಡು ಬರುತ್ತಿದ್ದ. ನಾನು ಪೇಪರ್ ಟವೆಲ್ಲಿನಿಂದ ಒತ್ತಿ ಒತ್ತಿ ತೆಗೆಯುತ್ತಿದ್ದೆ. ಲ್ಯಾಬಿನಲ್ಲಿ ಪ್ಲಾಸ್ಟರಿನ ಧೂಳು ಕೂರುತ್ತದೆ ಎಂದು ತನ್ನದೇ ಹಳೆಯ ಶರ್ಟಿನ ತೋಳು ಕತ್ತರಿಸಿ ಗವಸು ಮಾಡಿಕೊಂಡಿದ್ದ. ಅದರ ಅಂಚನ್ನು ಒಪ್ಪವಾಗಿ ಹೊಲಿದೂ ಇದ್ದ. ನೋಡಿ ನನಗೆ ಮೈಯೆಲ್ಲ ಉರಿಯಿತು. ಇಷ್ಟು ಗಿರಾಕಿಗಳಲ್ಲಿ ನನ್ನ ಮಾತು ಕೇಳುವವನು ಒಬ್ಬ ಸಿಕ್ಕಿದ್ದ, ಅವನೂ ಅತಿ ಮಾಡುವವನಾಗಬೇಕೇ?

"ಕೆರೆತ ತಡೆಯೋಕಾಗ್ತಿಲ್ಲ," ಎಂದ ಒಂದು ದಿನ.

"ಕೆರೀಬೇಡಿ. ಅಂಗೈಯಿಂದ ಮೆಲ್ಲಗೆ ತಟ್ಟಿ."

"ಎಷ್ಟು ಮೆಲ್ಲಗೆ?"

ತೋರಿಸಿಕೊಟ್ಟೆ. ತಟ್, ತಟ್.

"ಇಷ್ಟೇನಾ? ಸರಿಯಾಗಿ ಗೊತ್ತಾಗಲಿಲ್ಲ. ಇನ್ನೊಂದು ಸಲ."

ಇನ್ನೊಂದು ಸಲ ತಟ್ಟಿದೆ, ಸರಿಯಾಗಿ. ಕೌಂಟರಿನಿಂದ ಚಿಕ್ಕಮ್ಮ, "ಏನೇ ಅದು ಶಬ್ದ?" ಎಂದಳು. ಅವನು ಕೆಂಪಾದ ಕೈ ಹಿಡಿದುಕೊಂಡು, "ಔಷಧಿ ಅಮ್ಮ, ಔಷಧಿ" ಎಂದ.

ಚಿಕ್ಕಮ್ಮ ಮೊದಲು ಅವನನ್ನು ಕಂಡರೆ ತುಟಿ ಬಿಗಿಯುತ್ತಿದ್ದಳು. ಆಮೇಲೆ ಅದು ಹೇಗೋ, ಅವನು ಬಂದಾಗ ಟೀ ಎರಡರ ಬದಲು ಮೂರು ಕಪ್ ಆಯಿತು. ಕೊನೆಗೆ ಒಂದು ದಿನ ತನ್ನ ಕೆಳಗಿನ ಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿ, ಬಂಗಾರದ ಒಡವೆ ಒಪ್ಪಿಸುವ ಗಾಂಭೀರ್ಯದಲ್ಲಿ ಅವನ ಕೈಗೆ ಕೊಟ್ಟಳು. ಸರಿಮಾಡಿ ತರುತ್ತೇನೆಂದು ಅವನು ಎರಡೂ ಕೈಯಲ್ಲಿ ಈಸಿಕೊಂಡ. ಎಂಥ ಜೋಡಿ ಎನಿಸಿತು ನನಗೆ.

ನನ್ನ ಮೇಲೆಯೇ ನನಗೆ ಹೇಸಿಗೆ ಹುಟ್ಟಿದ್ದು ಅದರ ಮಾರನೆಯ ಸಂಜೆ. ಅವನ ಕೈ ತಿರುಗಿಸಿ ನೋಡಿದೆ. ಊತ ಇಳಿದಿತ್ತು. ಅಂಚಿನಲ್ಲಿ ಬೆಳ್ಳುಳ್ಳಿ ಸಿಪ್ಪೆಯ ಹಾಗೆ ತೆಳುವಾದ ಪೊರೆ ಏಳತೊಡಗಿತ್ತು. ಚೆನ್ನಾಗಿ ಮಾಯುತ್ತಿತ್ತು. ಗೆರೆ ಗಟ್ಟಿ, ನೆರಳು ಸಮ. ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು.

"ಹೇಗಿದೆ?" ಎಂದ.

"ಬೇಗ ವಾಸಿಯಾಗ್ತಿದೆ," ಎಂದೆ.

ವಾಸಿಯಾದರೆ ಇವನು ಯಾಕೆ ಬರುತ್ತಾನೆ? ಅನುಮಾನವಿಲ್ಲ, ನೀರಿಲ್ಲ, ಕೆರೆತವಿಲ್ಲ. ಗಾಯದ ಜೊತೆಗೇ ನೆಪವೂ ಒಣಗಿ ಉದುರಿಹೋಗುತ್ತದೆ. ಇನ್ನು ಸ್ವಲ್ಪ ದಿನ, ಆಮೇಲೆ ಇವನೂ ಎಲ್ಲರ ಹಾಗೆ ನನ್ನ ಕೆಲಸವನ್ನು ಕೈಮೇಲೆ ಹೊತ್ತುಕೊಂಡು ಯಾವುದೋ ಬೀದಿಯಲ್ಲಿ ಹೋಗುತ್ತಿರುತ್ತಾನೆ. ಹಚ್ಚೆ ಹಾಕುವವಳು ಗಾಯ ನಿಧಾನವಾಗಿ ಮಾಯಲಿ ಎಂದು ಬಯಸುವುದಕ್ಕಿಂತ ಕೀಳು ಕೆಲಸ ಇನ್ನೊಂದಿಲ್ಲ. ಆ ಸಂಜೆ ನಾನು ಬಯಸಿದ್ದು ಅದನ್ನೇ. ಅಂಗಡಿಯ ಕನ್ನಡಿಯಲ್ಲಿ ನನ್ನ ಕೋರೆಹಲ್ಲು ನೋಡಿಕೊಂಡದ್ದೂ ಅದೇ ಸಂಜೆ. ಥೂ ಎಂದುಕೊಂಡೆ. ಇನ್ನೊಮ್ಮೆ ನೋಡಿಕೊಂಡೆ.

*

ಅನಾಹುತವಾದ ದಿನ ಅಂಗಡಿಯಲ್ಲಿ ಒಂದು ಪ್ರೇಮದ ಜೋಡಿ ಇತ್ತು. ಹುಡುಗಿ ತನ್ನ ಹುಡುಗನ ಹೆಸರಿಗೆ ಅಕ್ಷರದ ಮಾದರಿ ಆರಿಸುತ್ತಿದ್ದಳು. ಹುಡುಗ, ಅವಳು ಆರಿಸಿದ್ದನ್ನೆಲ್ಲ ಸೂಪರ್ ಎನ್ನುತ್ತಿದ್ದ. "ಇದು ಜಾಸ್ತಿ ಡೀಪಾಗಿದೆ ಅಲ್ವಾ ಬೇಬಿ?" ಎಂದಳು. ಬರೀ ಅಕ್ಷರದಲ್ಲಿ ಏನು ಡೀಪೋ, ಅವಳಿಗೇ ಗೊತ್ತು. ನನಗೆ ತಲೆ ಚಿಟ್ಟು ಹಿಡಿದಿತ್ತು.

ಅಷ್ಟರಲ್ಲಿ ಅವನು ಬಂದ. ಕೂದಲು ಬಾಚಿದ್ದ, ಹೊಸ ಶರ್ಟು ಹಾಕಿದ್ದ. ತೋಳು ಮಡಿಸಿ ಕೈ ಚಾಚಿದ. ನೋಡಿದರೆ ಮುಲಾಮು ಮತ್ತೆ ಲೇಪ ಲೇಪ. ಸಿಪ್ಪೆಯೆಲ್ಲ ನೆನೆದು ಬೆಳ್ಳಗಾಗಿದೆ. ನಾನು ದೀಪ ಎಳೆದುಕೊಂಡು ಅದರ ಮೇಲೆ ಬಗ್ಗಿದೆ.

"ಒಂದು ಮಾತು ಹೇಳ್ಬೇಕಿತ್ತು," ಎಂದ ಮೆಲ್ಲಗೆ. "ನಾನು... ತುಂಬಾ ಹಚ್ಕೊಂಡ್ಬಿಟ್ಟಿದೀನಿ."

"ಅದನ್ನ ಬೇರೆ ಹೇಳ್ಬೇಕಾ? ಬಾಗಿಲಿಂದಾನೇ ಕಾಣ್ತಿದೆ."

"ಕಾಣ್ತಿದೆಯಾ?" ಅವನ ದನಿ ಅರಳಿತು.

"ಕಣ್ಣಿರೋರಿಗೆಲ್ಲಾ ಕಾಣುತ್ತೆ. ಮೊದಲ ದಿನಾನೇ ಹೇಳಿರಲಿಲ್ವಾ, ಜಾಸ್ತಿ ಹಚ್ಕೋಬೇಡಿ ಅಂತ?"

"ಅದು... ಅದನ್ನಾ ಹೇಳಿದ್ದು?"

"ಮತ್ತಿನ್ನೇನು? ಇಷ್ಟು ಹಚ್ಕೊಂಡ್ರೆ ಉಸಿರು ಕಟ್ಟುತ್ತೆ. ಒರೆಸಿ ಹಾಕಿ. ಸ್ವಲ್ಪ ದಿನ ಏನೂ ಬೇಡ, ಹಾಗೇ ಬಿಟ್ಬಿಡಿ. ತಾನಾಗೇ ಸರಿಹೋಗುತ್ತೆ."

ನಾನು ಪೇಪರ್ ಟವೆಲ್ ಹುಡುಕುತ್ತಿದ್ದೆ.

"ಎಲ್ಲರಿಗೂ ಇದನ್ನೇ ಹೇಳ್ತೀರಾ?"

"ಇದೇ ಮಾತು. ನನಗೆ ಬಾಯಿಪಾಠ ಆಗಿದೆ. ಮೊದಮೊದಲು ಎಲ್ರೂ ನಿಮ್ಮ ಹಾಗೇ ಆಡ್ತಾರೆ. ಆಮೇಲೆ ನೆನಪೂ ಇರಲ್ಲ."

"ಮೇಡಂ, ಈ ಫಾಂಟ್ ಕತ್ತಿನ ಮೇಲೆ ಬರುತ್ತಾ?" ಎಂದಳು ಹುಡುಗಿ. ನಾನು ಅತ್ತ ತಿರುಗಿದೆ. ಮತ್ತೆ ಇತ್ತ ತಿರುಗುವಷ್ಟರಲ್ಲಿ ಅವನು ತೋಳು ಇಳಿಸಿ ಗುಂಡಿ ಹಾಕಿಕೊಳ್ಳುತ್ತಿದ್ದ.

"ಸರಿ ಮೇಡಂ," ಎಂದ. ಸೂಜಿ ಇರಲಿಲ್ಲ, ಬರೀ ಮೇಡಂ.

*

ಅವನು ಬರಲಿಲ್ಲ. ಪೀಡೆ ತೊಲಗಿತು ಎಂದುಕೊಂಡೆ. ಮತ್ತೊಂದು ದಿನವೂ ಅದನ್ನೇ ಅಂದುಕೊಂಡೆ. ಅಂದುಕೊಳ್ಳುತ್ತಲೇ, ಬಾಗಿಲಿನ ಗಂಟೆ ಕಿಣಿ ಎಂದಾಗಲೆಲ್ಲ ಕತ್ತು ತಿರುಗಿಸಿದೆ. ಬಂದವರು ಗಿರಾಕಿಗಳು, ಕರೆಂಟ್ ಬಿಲ್ಲಿನವನು, ಪಕ್ಕದ ಬ್ಯೂಟಿ ಪಾರ್ಲರಿನವಳು. ಪಾರ್ಲರಿನವಳು ನನ್ನ ಮುಖ ನೋಡಿ, "ಡಲ್ ಆಗಿದೀರಾ, ಫೇಶಿಯಲ್ ಮಾಡಿಸ್ಕೊಳ್ಳಿ" ಎಂದಳು. ಇಂಥವರ ಬಾಯಿಂದ ಇಂಥ ಮಾತು ಕೇಳುವ ಗತಿ ಬಂತಲ್ಲ ಎಂದು ಹಲ್ಲು ಕಡಿದೆ.

ಒಬ್ಬಳ ಬೆನ್ನಿಗೆ ಅವಳ ಗಂಡನ ಹೆಸರು ಬರೆಯುವಾಗ ಒಂದು ಒತ್ತಕ್ಷರ ಬಿಟ್ಟೇಬಿಟ್ಟೆ. ಜೀವಮಾನದಲ್ಲಿ ಮಾಡದ ತಪ್ಪು. ತಡವಾಗಿ ನೋಡಿಕೊಂಡು, ಎಲ್ಲರೂ ಹೊಗಳುವಷ್ಟು ಚೆನ್ನಾಗಿ ಅದನ್ನು ಸೇರಿಸಿದೆ. ಆದರೂ ಆ ಹೊತ್ತಿಡೀ ನನ್ನ ಕೈ ನನ್ನ ಮಾತು ಕೇಳಲಿಲ್ಲ.

ಇತ್ತ ಚಿಕ್ಕಮ್ಮನಿಗೆ ಕೆಳಗಿನ ಹಲ್ಲಿಲ್ಲ. ಮಾತಾಡಿದರೆ ಅರ್ಧ ಗಾಳಿ. ಗಿರಾಕಿಗಳ ಕುಲಗೋತ್ರ ಕೇಳುವುದು ನಿಂತುಹೋಗಿ ಅವಳಿಗೂ ಜೀವನ ಬೇಸರವಾಗಿತ್ತು. ಅಷ್ಟರಲ್ಲಿ ಲ್ಯಾಬಿನಿಂದ ಅವಳಿಗೆ ಫೋನ್ ಬಂತು. ಅವನೇ.

"ಏನಂತೆ?" ಎಂದೆ, ಸೂಜಿಗಳ ಪೆಟ್ಟಿಗೆ ಜೋಡಿಸುತ್ತಾ.

"ಸೆಟ್ ರೆಡಿ ಇದೆಯಂತೆ. ಯಾರನ್ನಾದ್ರೂ ಕಳಿಸಿ ಅಂದ."

"ಯಾರನ್ನಾದ್ರೂ?"

"ಹೂಂ. ಯಾರನ್ನಾದ್ರೂ."

ಆ ‘ಯಾರನ್ನಾದ್ರೂ’ ನೆಟ್ಟಗೆ ಬಂದು ನನಗೇ ತಾಗಿತು. ಇಷ್ಟು ದಿನ ಕೆರೆತಕ್ಕೂ ಓಡಿಬರುತ್ತಿದ್ದವನು ಈಗ ಯಾರನ್ನಾದರೂ ಕಳಿಸಿ ಎನ್ನುತ್ತಾನೆ.

"ಎಂಥ ಕೊಬ್ಬು ನೋಡಿದ್ಯಾ?" ಎಂದೆ. "ಮುಲಾಮು ಕಡಿಮೆ ಹಚ್ಚಿ ಅಂದಿದ್ದಕ್ಕೆ ಇಷ್ಟು ಸಿಟ್ಟಾ?"

ಚಿಕ್ಕಮ್ಮ ಟೀ ಕಪ್ ಕೆಳಗಿಟ್ಟಳು. "ಅವನು ಹೇಳಿದ್ದು ಮುಲಾಮಿನ ವಿಷಯ ಅಂದ್ಕೊಂಡ್ಯಾ?"

"ಮತ್ತಿನ್ನೇನು? ತುಂಬಾ ಹಚ್ಕೊಂಡ್ಬಿಟ್ಟಿದೀನಿ ಅಂದ. ಕೈಮೇಲೆ ಕಾಣ್ತಿತ್ತಲ್ಲ."

"ಹೊಸ ಶರ್ಟ್ ಹಾಕ್ಕೊಂಡು, ತಲೆ ಬಾಚ್ಕೊಂಡು, ದನಿ ನಡುಗಿಸ್ಕೊಂಡು ಯಾವನಾದ್ರೂ ಮುಲಾಮಿನ ವಿಷಯ ಹೇಳ್ತಾನೇನೇ? ಹಚ್ಕೊಂಡಿದ್ದು ನಿನ್ನನ್ನ! ನೀನು ಒರೆಸಿ ಹಾಕು ಅಂದೆ. ಎಲ್ಲರಿಗೂ ಇದನ್ನೇ ಹೇಳ್ತೀನಿ ಅಂತ ಬೇರೆ ಅಂದೆ. ನಾನು ಇಲ್ಲಿ ಕೂತು ಹಣೆ ಹಣೆ ಚಚ್ಚಿಕೊಂಡೆ."

"ಆವತ್ತೇ ಹೇಳೋಕೇನಾಗಿತ್ತು ನಿನಗೆ?"

"ಬೇಕಂತಲೇ ಅಂದೆಯೇನೋ ಅಂದ್ಕೊಂಡೆ. ನಿನ್ನ ಮೂತಿ ಯಾವಾಗ್ಲೂ ಹಾಗೇ ಇರುತ್ತಲ್ಲ!"

ಇಷ್ಟನ್ನೂ ಅವಳು ಹಲ್ಲಿಲ್ಲದ ಬಾಯಲ್ಲಿ ಹೇಳಿದಳು. ಒಂದೊಂದು ಅಕ್ಷರವೂ ನನಗೆ ಸ್ಪಷ್ಟವಾಗಿ ಕೇಳಿತು. ನಾನಾಡಿದ ಮಾತೆಲ್ಲ ಸಾಲಾಗಿ ನೆನಪಿಗೆ ಬಂತು. ಉಸಿರು ಕಟ್ಟುತ್ತೆ. ಹಾಗೇ ಬಿಟ್ಬಿಡಿ. ಆಮೇಲೆ ನೆನಪೂ ಇರಲ್ಲ. ಬೇಕೆಂದೇ ಅವಮಾನ ಮಾಡಲು ಕೂತಿದ್ದರೂ ಇಷ್ಟು ಚೆನ್ನಾಗಿ ಮಾಡಲಾಗುತ್ತಿರಲಿಲ್ಲ.

"ಈ ಪುಣ್ಯಾತ್ಮನಿಗೆ ಬೇರೆ ಶಬ್ದ ಸಿಗಲಿಲ್ವಾ?" ಎಂದೆ. "ಹಚ್ಚೆ ಹಾಕೋ ಅಂಗಡಿಗೆ ಬಂದು, ಕೈತುಂಬಾ ಮುಲಾಮು ಬಳ್ಕೊಂಡು, ಹಚ್ಕೊಂಡಿದೀನಿ ಅಂದ್ರೆ ಯಾವಳಿಗೆ ಅರ್ಥ ಆಗುತ್ತೆ?"

"ಹಲ್ಲು ತಗೊಂಡು ಬಾ, ಹೋಗು," ಎಂದಳು ಚಿಕ್ಕಮ್ಮ.

*

ನಾನು ಯಾವ ಗಿರಾಕಿಯ ಹಿಂದೆಯೂ ಹೋದವಳಲ್ಲ. ಹೋಗುವಾಗ ದಾರಿಯುದ್ದಕ್ಕೂ ಇದನ್ನೇ ಹೇಳಿಕೊಂಡು ಹೋದೆ.

ಲ್ಯಾಬ್ ಒಂದು ಹಳೆಯ ಕಟ್ಟಡದ ಮಹಡಿಯ ಮೇಲಿತ್ತು. ಬಾಗಿಲು ತೆರೆದರೆ ಗೋಡೆಯ ಶೆಲ್ಫುಗಳ ತುಂಬ ಪ್ಲಾಸ್ಟರಿನ ದವಡೆಗಳು, ಎಲ್ಲವೂ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿ ನಗುವಂತೆ. ಗುಲಾಬಿ ಮೇಣದ ವಾಸನೆ. ಮೂಲೆಯಲ್ಲಿ ದಪ್ಪ ಕನ್ನಡಕದ ಒಬ್ಬಾಕೆ ಗುರ್ರೆನ್ನುವ ಯಂತ್ರಕ್ಕೆ ಯಾರದೋ ಹಲ್ಲುಸೆಟ್ ಒಡ್ಡಿ ಪಾಲಿಶ್ ಮಾಡುತ್ತಿದ್ದಳು. ಕಿಟಕಿಯ ಬಳಿ ಅವನು. ಚಿಮಟದಲ್ಲಿ ಹಿಡಿದ ಹಲ್ಲನ್ನು ಮೇಣದಲ್ಲಿ ಕೂರಿಸುತ್ತಿದ್ದ. ನನ್ನನ್ನು ನೋಡಿದವನೇ ಎದ್ದ. ಹಲ್ಲು ಉರುಳಿ ನೆಲಕ್ಕೆ ಬಿತ್ತು.

"ಸೆಟ್ ಇಲ್ಲಿದೆ," ಎಂದು ಕರ್ಚೀಫಿನ ಗಂಟು ಮುಂದಿಟ್ಟ. ಕರ್ಚೀಫನ್ನು ಒಗೆದು ಮಡಿಸಿದ್ದ.

"ಕೈ ತೋರಿಸಿ."

"ಬೇಡ ಮೇಡಂ, ಸರಿಯಾಗಿದೆ."

"ತೋರಿಸಿ ಅಂದೆ."

ತೋಳು ಮಡಿಸಿದ. ನೋಡಿ ನನಗೆ ಅಳು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. ಸಿಟ್ಟೇ ಇರಬೇಕು, ನನಗೆ ಅಭ್ಯಾಸವಿರುವುದು ಅದು. ಚರ್ಮ ಒಣಗಿ ಬಿರಿದಿತ್ತು. ನನ್ನ ಅಂದವಾದ ನೆರಳಿನ ಮೇಲೆಲ್ಲ ಒರಟು ಸಿಪ್ಪೆ, ಅದರ ಮೇಲೆ ಪ್ಲಾಸ್ಟರಿನ ಬಿಳಿ ಧೂಳು. ಒಂದು ಕಡೆ ಬಿರುಕಿನಲ್ಲಿ ಸಣ್ಣ ರಕ್ತದ ಗೆರೆ.

"ಗವಸು ಎಲ್ಲಿ?"

"ಹಾಕಿಲ್ಲ."

"ಮುಲಾಮು?"

"ನೀವೇ ಏನೂ ಬೇಡ, ಹಾಗೇ ಬಿಟ್ಬಿಡಿ ಅಂದ್ರಲ್ಲ."

"ನಾನು ಗುಂಡಿಗೆ ಬೀಳಿ ಅಂದ್ರೆ ಬೀಳ್ತೀರಾ?"

ಅವನು ನನ್ನನ್ನು ನೋಡಿದ. "ಬಿದ್ದಾಗಿದೆ," ಎಂದ.

ಯಂತ್ರ ಗುರ್ರೆನ್ನುತ್ತಲೇ ಇತ್ತು. ನಾನು ಅವನನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋದೆ. ನೀರು ಬಿಟ್ಟು ಧೂಳು ತೊಳೆದೆ. ಬ್ಯಾಗಿನಿಂದ ಪೇಪರ್ ತೆಗೆದು ಒತ್ತಿ ಒರೆಸಿದೆ. ಮುಲಾಮಿನ ಟ್ಯೂಬ್ ತೆರೆದು ಬೆರಳ ತುದಿಗೆ ಚೂರೇ ಚೂರು ತೆಗೆದುಕೊಂಡು, ಗೆರೆಯ ಮೇಲೆ ಗೆರೆಯಾಗಿ ಸವರಿದೆ. ಅವನ ಮುಂಗೈಯ ನರ ನನ್ನ ಬೆರಳ ಕೆಳಗೆ ಹೊಡೆದುಕೊಳ್ಳುತ್ತಿತ್ತು.

"ಆವತ್ತು ನಾನು ಹೇಳಿದ್ದು ಮುಲಾಮಿಗೆ," ಎಂದೆ, ತಲೆ ಎತ್ತದೆ.

ಅವನು ಅರ್ಥವಾಗದೆ ಹುಬ್ಬು ಗಂಟಿಕ್ಕಿದ. ಆಮೇಲೆ ಅವನ ಮುಖದಲ್ಲಿ ಒಂದೊಂದೇ ಮಾತು ಹಿಂದಕ್ಕೆ ಓಡುವುದು ಕಂಡಿತು.

"ಎಲ್ಲಾನೂ?"

"ಎಲ್ಲಾನೂ. ಒರೆಸಿ ಹಾಕಿ ಅಂದಿದ್ದು ಕೂಡ."

"ಉಸಿರು ಕಟ್ಟುತ್ತೆ ಅಂದಿದ್ದು?"

"ಚರ್ಮಕ್ಕೆ."

"ನಾನು ಹೇಳಿದ್ದು ಮುಲಾಮಿಗಲ್ಲ," ಎಂದ.

"ಗೊತ್ತಾಯ್ತು. ಚಿಕ್ಕಮ್ಮ ಹೇಳಿದ್ಲು. ಅದನ್ನ ನೆಟ್ಟಗೆ ಹೇಳೋಕೆ ಬರಲ್ವಾ ನಿಮಗೆ? ಮದುವೆಮನೆ ಬಾಗಿಲಲ್ಲಿ ಚಪ್ಪಲಿ ಹುಡುಕೋರ ಹಾಗೆ ಮಾತು ಹುಡುಕಿ ಹುಡುಕಿ, ಸಿಕ್ಕಿದ್ದು ಇದೊಂದು ಶಬ್ದಾನಾ?"

"ಸರಿ, ತಪ್ಪಾಯ್ತು," ಎಂದ. ಕಣ್ಣಲ್ಲಿ ತುಂಟತನ ಮರಳಿತ್ತು. "ಈಗ ನೀವು ಹೇಳಿ. ನೆಟ್ಟಗೆ. ಎರಡರ್ಥ ಇಲ್ಲದ ಹಾಗೆ."

"ನಾನು ಹಲ್ಲು ತಗೊಂಡು ಹೋಗೋಕೆ ಬಂದಿದ್ದು."

"ತಗೊಳ್ಳಿ."

ತೆಗೆದುಕೊಳ್ಳಲಿಲ್ಲ. ಬಾಯಿ ತೆರೆದರೆ ಬೈಗುಳ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಊರಿನವರ ಪ್ರೀತಿಯನ್ನೆಲ್ಲ ದಪ್ಪಕ್ಷರದಲ್ಲಿ ಬರೆದುಕೊಟ್ಟವಳು ನಾನು. ಒಬ್ಬನ ಮುಂದೆ ಒಂದು ವಾಕ್ಯ ಹೇಳಲು ನಾಲಿಗೆ ಏಳುತ್ತಿಲ್ಲ. ನನ್ನಷ್ಟು ಕೈಲಾಗದವಳನ್ನು ನಾನು ಎಲ್ಲೂ ನೋಡಿಲ್ಲ.

"ನೀವು ಪೆದ್ದರು," ಎಂದೆ.

"ಹೂಂ."

"ಹಲ್ಲಿನ ಚಿತ್ರ ಬರೆಸಿಕೊಳ್ಳೋ ಗಂಡಸನ್ನ ನಾನು ನೋಡಿಲ್ಲ."

"ಹೂಂ."

"ನೀವು ಬರದೇ ಇದ್ದಾಗ ನನಗೆ ಕೆಲಸ ಮಾಡೋಕಾಗಲಿಲ್ಲ."

ಈ ಸಲ ಅವನು ಹೂಂ ಎನ್ನಲಿಲ್ಲ. ಮೂಲೆಯ ಯಂತ್ರದ ಸದ್ದಿಗೆ ಕೇಳಿಸಲಿ ಎಂದು, ಜೊತೆಗೆ ಒಂದೇ ಸಲಕ್ಕೆ ಮುಗಿದುಹೋಗಲಿ ಎಂದು, ಜೋರಾಗಿ ಹೇಳಿಬಿಟ್ಟೆ.

"ನೀನಂದ್ರೆ ನಂಗಿಷ್ಟ ಕಣೋ!"

ದಪ್ಪ ಕನ್ನಡಕದಾಕೆ ಯಂತ್ರ ನಿಲ್ಲಿಸಿ ನಮ್ಮನ್ನು ನೋಡಿದಳು. ಕೈಯಲ್ಲಿದ್ದ ಹಲ್ಲುಸೆಟ್ ಕೆಳಗಿಟ್ಟು, ಏಪ್ರನ್ ಬಿಚ್ಚಿ, "ನಾನು ಟೀ ಕುಡ್ದು ಬರ್ತೀನಿ" ಎಂದು ಹೊರಗೆ ಹೋದಳು. ಬಾಗಿಲು ಮುಚ್ಚಿಕೊಂಡು ಹೋಗುವಷ್ಟು ಬುದ್ಧಿ ಅವಳಿಗಿತ್ತು.

ಅವನು ಹಾಗೇ ನಿಂತಿದ್ದ. ಮುಲಾಮು ಹಚ್ಚಿದ ಕೈಯನ್ನು ಎಲ್ಲಿಗೂ ತಾಗದಂತೆ ಒಂದು ಪಕ್ಕಕ್ಕೆ ಚಾಚಿ, ಇನ್ನೊಂದು ಕೈಯಿಂದ ನನ್ನ ಕೈ ಹಿಡಿದ. ಅವನ ಬೆರಳಲ್ಲಿ ಗುಲಾಬಿ ಮೇಣ ಅಂಟಿತ್ತು. ಅದು ನನಗೂ ಅಂಟಿತು. ಬಿಡಿಸಿಕೊಳ್ಳಬೇಕೆನಿಸಲಿಲ್ಲ.

"ನೀನು ಅಂದ್ರಿ," ಎಂದ.

"ಅಂದೆ. ಏನೀಗ?"

"ಏನಿಲ್ಲ. ನಾನೂ ಅನ್ನಬಹುದಾ ಅಂತ."

"ಅಭ್ಯಾಸ ಮಾಡ್ಕೋ."

"ನೀನು," ಎಂದ. ಮತ್ತೊಮ್ಮೆ, "ನೀನು." ಎರಡನೆಯ ಸಲ ಹೇಳುವಾಗ ಅವನ ಕಿವಿ ಕೆಂಪಾಯಿತು. ಇಂಥ ದೃಶ್ಯ ನನ್ನ ಅಂಗಡಿಯಲ್ಲಿ ನಡೆದಿದ್ದರೆ ಇಬ್ಬರನ್ನೂ ಹೊರಗೆ ಹಾಕುತ್ತಿದ್ದೆ.

ಅವನು ತನ್ನ ಮುಂಗೈ ನೋಡಿಕೊಂಡ. "ಇದು ಪೂರ್ತಿ ವಾಸಿಯಾಗೋಕೆ ಇನ್ನೆಷ್ಟು ದಿನ?"

"ನಾಳೆಯಿಂದ ಸರಿಯಾಗಿ ನೋಡ್ಕೊಂಡ್ರೆ ಬೇಗ. ಸಂಜೆ ಬಾ, ನಾನೇ ಹಚ್ತೀನಿ."

"ವಾಸಿಯಾದ ಮೇಲೆ?"

"ಆಮೇಲೂ ಬಾ."

"ಏನು ನೆಪ ಹೇಳ್ಕೊಂಡು ಬರಲಿ?"

ನಾನು ಕರ್ಚೀಫಿನ ಗಂಟು ಬ್ಯಾಗಿಗೆ ಹಾಕಿಕೊಂಡೆ. ಬಾಗಿಲವರೆಗೆ ಹೋದೆ. ಅಲ್ಲಿಂದ ತಿರುಗಿ ನೋಡಿದರೆ ಅವನು ಇನ್ನೂ ಆ ಕೈಯನ್ನು ಹಾಗೇ ಚಾಚಿಕೊಂಡು, ಉತ್ತರಕ್ಕೆ ಕಾಯುತ್ತಾ ನಿಂತಿದ್ದ.

"ನೆಪ ಇಲ್ಲದೆ ಬಾ," ಎಂದೆ.